ಒಂದೂವರೆ ಅಡಿಯ ಬಾಗಿಲು

ಹಾವೇರಿ
೯ ಜೂನ್ ೨೦೨೪

ಅಪ್ಪಾ,

ನಿನ್ನ ನಂಬರು ಬ್ಲಾಕ್ ಮಾಡಿದ್ದೇನೆ. ಫೋನಿನಲ್ಲಿ ನೀನು ಕೂಗುತ್ತೀ, ನಾನೂ ಕೂಗುತ್ತೇನೆ, ಅವ್ವ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಾಳೆ. ಕಾಗದದಲ್ಲಿ ಕೂಗಿದರೆ ಅವಳಿಗೆ ಕೇಳಿಸುವುದಿಲ್ಲ. ಹೇಳುವುದಿದ್ದರೆ ನೀನೂ ಬರೆದೇ ಹೇಳು. ಬಾಲಕಿಯರ ಹಾಸ್ಟೆಲ್, ವಾರ್ಡನ್ ಕ್ವಾರ್ಟರ್ಸ್ ಎಂದು ಹಾಕಿದರೆ ನನಗೆ ಮುಟ್ಟುತ್ತದೆ.

ಹುಬ್ಬಳ್ಳಿಯ ಡಾಕ್ಟರು ಹೇಳುತ್ತಿದ್ದಾಗ ನೀನು ಅರ್ಧಕ್ಕೇ ಎದ್ದು ಹೋದೆ. ಉಳಿದ ಅರ್ಧ ಕೇಳು. ಅವ್ವನಿಗೆ ಆಗಿರುವುದು ದಮ್ಮಲ್ಲ, ಟಿಬಿಯೂ ಅಲ್ಲ. ಎರಡು ವರ್ಷ ದಮ್ಮೆಂದು ನುಂಗಿಸಿದ ಗುಳಿಗೆಗಳೆಲ್ಲ ದಂಡ. ಪಾರಿವಾಳದ ಹಿಕ್ಕೆ ಒಣಗಿ ಏಳುವ ಪುಡಿ, ರೆಕ್ಕೆಯ ಧೂಳು, ಇವು ದಿನಾ ಒಳಗೆ ಹೋಗಿ ಹೋಗಿ ಶ್ವಾಸಕೋಶ ಬಾತು ಬಿರುಸಾಗುತ್ತಿದೆ. "ಮನೆಯಲ್ಲಿ ಪಾರಿವಾಳ ಇವೆಯಾ?" ಎಂದು ಕೇಳಿದರು. ನಾನು "ಅರವತ್ತೆರಡು" ಎಂದೆ. ಅವರು ಪೆನ್ನು ಕೆಳಗಿಟ್ಟರು.

ಆಗ ನೀನು ಆಡಿದ ಮಾತು ನೆನಪಿದೆಯಾ? "ಡಾಕ್ಟರ್‌ಸಾಹೇಬ್ರ, ಹಕ್ಕಿ ಸಾಕಾಂವ ನಾನು. ಬ್ಯಾನಿ ಬಂದಿದ್ದು ಈಕಿಗೆ. ಅದು ಹೆಂಗಾಗತೈತಿ?" ಎಂದು ಕೇಳಿ, ಗೆದ್ದವನಂತೆ ಬಾಗಿಲು ತಳ್ಳಿಕೊಂಡು ಹೋದೆ. ಅಲ್ಲೇ ಉತ್ತರ ಕೊಡುವವಳಿದ್ದೆ. ಅವ್ವ ನನ್ನ ಮೊಣಕೈ ಹಿಸುಕಿ ಹಿಡಿದಳು.

ಮಹಡಿಯ ಮೇಲಿನ ಗೂಡು ತೆಗೆ. ಅಲ್ಲಿಯವರೆಗೆ ಅವ್ವ ನನ್ನ ಹತ್ತಿರ ಇರುತ್ತಾಳೆ.

ಸುಧಾರಾಣಿ

*

ರಾಣೆಬೆನ್ನೂರು
೧೭ ಜೂನ್ ೨೦೨೪

ಸುಧಾರಾಣಿಗೆ,

ಅಪ್ಪನ ನಂಬರು ಬ್ಲಾಕ್ ಮಾಡಿದ ಮಗಳಿಗೆ ಆಶೀರ್ವಾದ ಬರೆಯಲು ಕೈ ಏಳಲಿಲ್ಲ. ಹಾಗೇ ಓದಿಕೋ.

ಇಪ್ಪತ್ತೆರಡು ವರ್ಷದ ಗೂಡನ್ನು ತೆಗೆ ಎಂದು ಒಂದು ಸಾಲಿನಲ್ಲಿ ಬರೆದಿದ್ದೀ. ಅದೇನು ಮಡಚುವ ಕುರ್ಚಿಯೇ? ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಬೆಳಗಿನ ಬಿಸಿಲು ಬೀಳಲೆಂದು ಮೂಡಣಕ್ಕೆ ಮುಖ, ಮಳೆಯ ಕಡೆಗೆ ಬೆನ್ನು. ಮುಂದೆ ಜಾಲರಿ, ಹಿಂದೆ ತಗಡು, ತಗಡು ಕಾಯದಂತೆ ಒಳಗೆ ಹಲಗೆ. ಜೋಡಿಗೊಂದರಂತೆ ನಲವತ್ತು ಖಾನೆ. ತೆರೆದಾಗ ಬೆಕ್ಕು ನುಗ್ಗದಂತೆ ಮೂಲೆಯಲ್ಲಿ ಒಂದೂವರೆ ಅಡಿಯ ಬಾಗಿಲು. ಎಲ್ಲಾ ನನ್ನ ಕೈಯ ವೆಲ್ಡಿಂಗು. ಇಷ್ಟು ವರ್ಷದಲ್ಲಿ ಒಂದು ಬೆಕ್ಕು ಒಳಗೆ ಹೋಗಿಲ್ಲ. ಬ್ಯಾಡಗಿಯವರು, ಮೋಟೆಬೆನ್ನೂರಿನವರು, ಕುಮಾರಪಟ್ಟಣದವರು ಬಂದು ನೋಡಿ, ಅಳತೆ ತೆಗೆದುಕೊಂಡು ಹೋಗಿ, ಇಂಥದ್ದೇ ಬೇಕೆಂದು ನನ್ನಿಂದಲೇ ಮಾಡಿಸಿಕೊಂಡಿದ್ದಾರೆ. ಹತ್ತೊಂಬತ್ತು ಗೂಡು. ಕೊಲ್ಲಾಪುರದಲ್ಲಿ ಬಿಟ್ಟ ಹಕ್ಕಿ ಮಧ್ಯಾಹ್ನದ ಊಟದೊಳಗೆ ನಮ್ಮ ಮಹಡಿ ಮೇಲೆ ಇಳಿಯುತ್ತದೆ. ಟಿವಿ ಪಕ್ಕದಲ್ಲಿರುವ, ಪಂದ್ಯ ಗೆದ್ದ ಕಪ್ಪುಗಳನ್ನು ನಿನ್ನ ಡಾಕ್ಟರು ನೋಡಿದ್ದಾನೇನು?

ಪುಡಿಯಿಂದ ಬೇನೆ ಬರುವುದಾದರೆ ಬ್ಯಾಡಗಿಯಲ್ಲಿ ಊರಿಗೆ ಊರೇ ಮೆಣಸಿನಕಾಯಿ ಘಾಟು ಕುಡಿಯುತ್ತದೆ, ಅವರೆಲ್ಲ ಆಸ್ಪತ್ರೆಯಲ್ಲಿ ಮಲಗಿದ್ದಾರೇನು? ನಾನು ಮೂವತ್ತು ವರ್ಷ ವೆಲ್ಡಿಂಗ್ ಹೊಗೆ ಕುಡಿದಿದ್ದೇನೆ. ನನಗೇನಾಗಿದೆ?

ನಿನ್ನ ಅವ್ವ ಮಂಗಳವಾರಕ್ಕೊಮ್ಮೆ ಹಕ್ಕಿಗಳ ನೀರಿಗೆ ಏನೋ ಹಾಕುತ್ತಿದ್ದಳು. ಏನು, ಎಷ್ಟು ಎಂದು ಕೇಳಿ ಬರಿ. ಎರಡು ಹಕ್ಕಿ ಬಾಯಿ ತೆರೆದು ಕೂತಿವೆ. ತಡ ಮಾಡಬೇಡ.

ಫಕ್ಕೀರಪ್ಪ

*

ಹಾವೇರಿ
೨೫ ಜೂನ್ ೨೦೨೪

ಅಪ್ಪಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅವ್ವನ ಉಸಿರು ಹೇಗಿದೆ ಎಂಬ ಮಾತು ಎಲ್ಲಾದರೂ ಇದ್ದೀತೆಂದು ಹುಡುಕಿದೆ. ಬೆಕ್ಕಿನ ಸುದ್ದಿ ಇದೆ, ಕಪ್ಪುಗಳ ಸುದ್ದಿ ಇದೆ, ಬಾಯಿ ತೆರೆದು ಕೂತ ಎರಡು ಹಕ್ಕಿಗಳ ಸುದ್ದಿ ಇದೆ.

ಡಾಕ್ಟರಿಗೆ ನೀನು ಕೇಳಿದ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇನೆ. ಹಕ್ಕಿ ಸಾಕಿದವನು ನೀನು, ಬೇನೆ ಅವ್ವನಿಗೆ ಹೇಗೆ ಬಂತು? ಹೇಗೆಂದರೆ, ನೀನು ಸಾಕಲಿಲ್ಲ. ನೀನು ಹಾರಿಸಿದೆ. ಬೆಳಗಾದರೆ ನೀನೂ ಕುತುಬುದ್ದೀನ ಕಾಕಾನೂ ಮಹಡಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ಸಿಳ್ಳೆ ಹಾಕುತ್ತ ಮುಗಿಲು ನೋಡುತ್ತಿದ್ದಿರಿ. ನಿಮ್ಮ ಬೆನ್ನ ಹಿಂದೆ ಅವ್ವ ಉಕ್ಕಿನ ಪಟ್ಟಿ ಹಿಡಿದು ಹಿಕ್ಕೆ ಕೆರೆಯುತ್ತಿದ್ದಳು. ಆ ಒಂದೂವರೆ ಅಡಿಯ ಬಾಗಿಲಲ್ಲಿ ಮೊದಲು ಒಂದು ಕೈ, ಆಮೇಲೆ ತಲೆ, ಆಮೇಲೆ ಹೆಗಲು ಓರೆ ಮಾಡಿ ತೂರಿಸಿ, ಬೋರಲು ಬಿದ್ದು, ಸೆರಗನ್ನು ಬಾಯಿಗೆ ಕಚ್ಚಿ ಹಿಡಿದು ಕೆರೆಯುತ್ತಿದ್ದಳು. ಹೊರಗೆ ಉಳಿಯುತ್ತಿದ್ದದ್ದು ಎರಡು ಕಾಲು. ಬೆಳಗಿನ ಅವ್ವ ಎಂದರೆ ನನಗೆ ಇಂದಿಗೂ ಆ ಎರಡು ಕಾಲೇ ಕಣ್ಣಿಗೆ ಬರುತ್ತವೆ. ಶಾಲೆಗೆ ಹೊರಟು ನಿಂತು "ಅವ್ವಾ, ಹೊಕ್ಕೇನಿ" ಎಂದು ಆ ಕಾಲುಗಳಿಗೇ ಹೇಳುತ್ತಿದ್ದೆ.

ಬಾಗಿಲು ಮಾಡುವಾಗ ನೀನು ಬೆಕ್ಕಿನ ಅಳತೆ ತೆಗೆದೆ. ಅವ್ವನ ಅಳತೆ ತೆಗೆಯಲಿಲ್ಲ. ಯಾಕೆಂದರೆ ಒಳಗೆ ಹೋಗಬೇಕಾದವನು ನೀನಾಗಿರಲಿಲ್ಲ. ಈ ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ಆ ಬಾಗಿಲಲ್ಲಿ ನಿನ್ನ ತಲೆ ಹಾಕಿದ್ದೀಯಾ? ಖರೇ ಹೇಳು.

ನೀರಿಗೆ ಏನು ಹಾಕುತ್ತಿದ್ದಳೆಂದು ನಾನು ಕೇಳುವುದಿಲ್ಲ. ಹಕ್ಕಿಗಳು ನಿನ್ನವಲ್ಲವೇ? ನೀನೇ ನೋಡಿಕೋ.

ಸುಧಾರಾಣಿ

*

ರಾಣೆಬೆನ್ನೂರು
೨೮ ಜುಲೈ ೨೦೨೪

ಸುಧಾರಾಣಿಗೆ,

ನಿನ್ನ ಕಾಗದವನ್ನು ಹರಿದು ಹಾಕಿದ್ದೆ. ತಿಂಗಳು ಕಳೆಯಿತು. ಈಗ ಬರೆಯುವುದು ನಿನ್ನ ಮಾತಿಗೆ ಸೋತು ಎಂದು ತಿಳಿಯಬೇಡ.

ಒಂಬತ್ತು ಹಕ್ಕಿ ಸತ್ತವು. ಹಿಕ್ಕೆ ಗೇಣೆತ್ತರ ಬಿದ್ದು, ಮಳೆಯ ಎರಚಲು ಹೊಡೆದು, ನಾತ ಕೆಳಗಿನ ಅಡುಗೆಮನೆಯವರೆಗೆ ಬಂತು. ಕೊನೆಗೆ ನಾನೇ ಕೆರೆಯಲು ಹೋದೆ. ತಲೆ ಹೋಯಿತು, ಹೆಗಲು ಹೋಗಲಿಲ್ಲ. ಒಂದು ಕೈ ಮುಂದೆ ಚಾಚಿ ಓರೆಯಾಗಿ ತೂರಿಕೊಂಡೆ. ಒಳಗೆ ಮಗ್ಗಲು ಹೊರಳಿಸಲೂ ಜಾಗವಿಲ್ಲ. ಹಕ್ಕಿಗಳು ಹೆದರಿ ಪಟಪಟನೆ ರೆಕ್ಕೆ ಬಡಿದವು. ಎದ್ದ ಬಿಳಿ ಪುಡಿಯಲ್ಲಿ ಎದುರಿನ ಖಾನೆ ಕಾಣಲಿಲ್ಲ. ಕೆಮ್ಮು ಹತ್ತಿತು, ಹಿಂದಕ್ಕೆ ಬರಲು ಆಗಲಿಲ್ಲ. ಅಂಗಿ ಬಾಗಿಲ ಚೌಕಟ್ಟಿಗೆ ಸಿಕ್ಕಿತ್ತು. ನನ್ನದೇ ವೆಲ್ಡಿಂಗಿನ ಒಂದು ಮೊನೆ, ನಾನು ತಿಕ್ಕದೆ ಬಿಟ್ಟದ್ದು. ಕುತುಬುದ್ದೀನ ಬಂದು ಕಾಲು ಹಿಡಿದು ಎಳೆದ.

ಅವನ ಮೇಲೂ ರೇಗಿದೆ. "ನಗಬ್ಯಾಡ" ಎಂದೆ. ಅವನು ನಗುತ್ತಿರಲಿಲ್ಲ. "ಫಕ್ಕೀರಪ್ಪ, ನಿನ್ನ ಗೂಡು ನೋಡಿನ ನಾನೂ ಕಟ್ಟಿಸಿದ್ದು. ನಮ್ಮನ್ಯಾಗ ಮೈಮುನಾಬಿ ಕೆರೀತಾಳ. ಆಕಿನೂ ಮೊನ್ನಿಂದ ಕೆಮ್ಮಾಕತ್ತಾಳ" ಎಂದ. ಮರುದಿನ ತನ್ನ ಹಕ್ಕಿಗಳನ್ನೆಲ್ಲ ಯಾರಿಗೋ ಕೊಟ್ಟು, ಗೂಡು ಬಿಚ್ಚಿ, ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮೂವತ್ತು ವರ್ಷದ ಗೆಳೆಯ, ನನ್ನನ್ನು ಒಂದು ಮಾತು ಕೇಳಲಿಲ್ಲ.

ನಾನೂ ನಲವತ್ತು ಹಕ್ಕಿಯನ್ನು ಮೋಟೆಬೆನ್ನೂರಿನ ವೀರೇಂದ್ರನ ಗೂಡಿಗೆ ಬಿಟ್ಟು ಬಂದೆ. ಬೆಳಗ್ಗೆ ಅವನು ಬಾಗಿಲು ತೆಗೆದ. ನಾನು ಅಂಗಡಿ ಶಟರ್ ಎತ್ತುವಷ್ಟರಲ್ಲಿ ಮೂವತ್ತಾರು ನಮ್ಮ ಮಹಡಿಯ ಮೇಲೆ ಕೂತಿದ್ದವು. ಅವುಗಳ ಮೇಲೆ ಕಲ್ಲೆತ್ತಿದೆ. ಬೀಸಲಾಗಲಿಲ್ಲ.

ಅವ್ವ ಯಾವಾಗ ಬರುತ್ತಾಳೆ?

ಫಕ್ಕೀರಪ್ಪ

*

ಹಾವೇರಿ
೬ ಆಗಸ್ಟ್ ೨೦೨೪

ಅಪ್ಪಾ,

ಬರುವುದಿಲ್ಲ.

ಮೊನ್ನೆ ಮತ್ತೆ ಸ್ಕ್ಯಾನ್ ಮಾಡಿಸಿದೆ. ಬಾವು ಇಳಿಯುತ್ತಿದೆ. ಆದರೆ ಶ್ವಾಸಕೋಶದ ಕೆಳಭಾಗದಲ್ಲಿ ಕಲೆಗಟ್ಟಿದ್ದು ಇನ್ನು ಸರಿಹೋಗುವುದಿಲ್ಲವಂತೆ. ಹೋದದ್ದು ಹೋಯಿತು, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು. ಹಾಸ್ಟೆಲಿನ ಹದಿನಾರು ಮೆಟ್ಟಿಲನ್ನು ಅವಳು ಎರಡು ಕಡೆ ನಿಂತು ಹತ್ತುತ್ತಾಳೆ. ವಯಸ್ಸು ಐವತ್ತೊಂದು.

ನಿನಗೆ ಅಂಗಿ ಸಿಕ್ಕಿಕೊಂಡದ್ದು ಒಂದು ದಿನ. ಎಳೆಯಲು ಕಾಕಾ ಇದ್ದರು.

ನಾನು ತೀರ್ಮಾನ ಮಾಡಿದ್ದೇನೆ. ಅವ್ವ ಇನ್ನು ಇಲ್ಲೇ ಇರುತ್ತಾಳೆ. ಅವಳ ಸೀರೆ, ಕನ್ನಡಕ, ದೇವರ ಫೋಟೋ ಕಟ್ಟಿ ಬಸ್ಸಿಗೆ ಹಾಕು. ನೀನು, ನಿನ್ನ ಹಕ್ಕಿ, ನಿನ್ನ ಕಪ್ಪು, ಎಲ್ಲಾ ಕೂಡಿ ಆ ಮನೆಯಲ್ಲಿರಿ.

ಸುಧಾರಾಣಿ

*

ಹಾವೇರಿ
೨೧ ಆಗಸ್ಟ್ ೨೦೨೪

ಸುಧಾನ ಅಪ್ಪಗ, ಸುಧಾಗ, ಇಬ್ಬರಿಗೂ,

ನನಗ ಪುಸ್ತಕದ ಮಾತು ಬರಂಗಿಲ್ಲ. ನಾಕನೇತ್ತೆ ಓದಿದಾಕಿ. ಮಾತಾಡಿದಂಗ ಬರೀತೀನಿ. ಎರಡು ಹಾಳಿ ಬರದೀನಿ, ಒಂದು ನಿಮಗ ಪೋಸ್ಟಿಗೆ, ಒಂದು ಈಕಿ ಮೇಜಿನ ಮ್ಯಾಲೆ.

ಇಬ್ಬರ ಕಾಗದಾನೂ ಓದೀನಿ. ನಿಮ್ಮ ಕಾಗದ, ತನ್ನ ಕಾಗದದ ನಕಲು, ಎಲ್ಲಾ ಸುಧಾ ಗಾದಿ ಕೆಳಗ ಇಟ್ಟಿದ್ಲು. ನನ್ನ ಉಸಿರಿನ ಸಲುವಾಗಿ ಎರಡು ತಿಂಗಳಾತು ಇಬ್ಬರೂ ಜಗಳಾಡಾಕತ್ತೀರಿ. ಒಬ್ಬರರ ನನ್ನ ಕೇಳೀರೇನು?

ಮೊದಲು ನಿಮಗ. ಬಾಗಲ ಸಣ್ಣದಾತು ಅಂತ ಮೂರು ಸಲ ಹೇಳೀನಿ. ಸುಧಾ ಎರಡನೇತ್ತೆ ಇದ್ದಾಗ ಒಂದು ಸಲ, ನನ್ನ ಕೈಮುರಿದಾಗ ಒಂದು ಸಲ, ನೀವು ಕಪ್ಪು ಗೆದ್ದು ಬಂದ ದಿನ ಒಂದು ಸಲ. "ದೊಡ್ಡದು ಮಾಡಿದ್ರ ಬೆಕ್ಕು ಹೊಕ್ಕತಿ" ಅಂದ್ರಿ. ಮೂರು ಸಲಾನೂ ಅದ ಮಾತು. ಆಮ್ಯಾಲೆ ನಾ ಹೇಳೂದ ಬಿಟ್ಟೆ. ಮಂಗಳವಾರ ನೀರಿಗೆ ಬಳ್ಳೊಳ್ಳಿ ಜಜ್ಜಿ ಹಾಕತಿದ್ದೆ, ಕೊಡಕ್ಕ ನಾಕು ಎಸಳು. ಹಕ್ಕಿ ಮ್ಯಾಲೆ ನನಗ ಸಿಟ್ಟಿಲ್ಲ. ಅವು ನನ್ನ ಕೈಯಾಗ ಕಾಳು ತಿಂದಾವು. ಸತ್ತ ಒಂಬತ್ತು ಯಾವ್ಯಾವು ಅಂತ ಬರದಿಲ್ಲ ನೀವು. ನಿಮಗ ಗುರುತು ಹತ್ತಿರಾಕಿಲ್ಲ.

ಈಗ ನಿನಗ ಸುಧಾ. ಅವ್ವನ ಕಾಲು ಕಂಡೆ ಅಂತ ಚಂದಾಗಿ ಬರದೀದಿ. ಹನ್ನೊಂದು ವರ್ಷ ಕಂಡಿ. ಒಂದು ದಿನರ "ಕೊಡಬೇ, ಇವತ್ತು ನಾ ಕೆರೀತೀನಿ" ಅಂದಿ? "ಹೊಕ್ಕೇನಿ" ಅಂದಿ, ಹೋದಿ. ಈಗ "ತೀರ್ಮಾನ ಮಾಡೀನಿ" ಅಂತೀದಿ. ನನ್ನ ಸೀರಿ ನಾ ತರಸ್ಕೊಂತೀನಿ. ನಾ ಎಲ್ಲಿರತೀನಿ ಅನ್ನೂದು ನಾ ಹೇಳತೀನಿ. ನೀ ಅಲ್ಲ, ನಿಮ್ಮಪ್ಪ ಅಲ್ಲ.

ಇನ್ನ ಗೂಡಿನ ಮಾತು. ಮಹಡಿ ಮ್ಯಾಲಿಂದು ಬಿಚ್ರಿ. ನೀರು ಹೊಡದು, ಹಸಿ ಇದ್ದಾಗ ಕೆರೀರಿ, ಪುಡಿ ಏಳಬಾರದು. ದೇವರಗುಡ್ಡದ ರಸ್ತೆಕ ಕುತುಬುದ್ದೀನಣ್ಣನ ಖಾಲಿ ಜಾಗ ಐತಿ, ಹೊಸದು ಅಲ್ಲಿ ಕಟ್ರಿ. ನೆಲದಿಂದ ಎದಿಮಟ ಎತ್ತರದಾಗ ನಿಲ್ಲಸ್ರಿ. ಕೆಳಗ ಹಲಗಿ ಬ್ಯಾಡ, ಗಟ್ಟಿ ಜಾಲರಿ ಹಾಕ್ರಿ, ಹಿಕ್ಕಿ ತಗಡಿನ ಟ್ರೇಕ ಬೀಳಲಿ, ಟ್ರೇ ಹೊರಗಿಂದ ಎಳಕೊಳ್ಳಂಗಿರಲಿ. ಬಾಗಲ ನಿಮ್ಮ ಎತ್ತರದ್ದು ಮಾಡ್ರಿ. ಬೆಕ್ಕು ನುಗ್ಗದಂಗ ಒಳಗ ಎರಡನೇ ಬಾಗಲ ಇಡ್ರಿ, ಅದೇನು ದೊಡ್ಡ ಮಾತಲ್ಲ. ಇದೆಲ್ಲಾ ನನಗ ಬೋರಲ ಬಿದ್ದಾಗ ದಿನಾ ಹೊಳೀತಿತ್ತು. ಕೆರೆಯಾವ್ರು ನೀವು. ಬಾಯಿಗೆ ಮಾಸ್ಕು. ಅಲ್ಲೇ ಜಳಕ, ಅಲ್ಲೇ ಬಟ್ಟಿ ಬದಲಿ. ಹಳೇ ಹಕ್ಕಿ ಬಿಡಬ್ಯಾಡ್ರಿ, ಅವು ಹಳೇ ಮನಿಗೇ ಬರತಾವು. ಅವು ಒಳಗ ಇರಲಿ, ಅಲ್ಲಿ ಹುಟ್ಟಿದ ಮರಿ ಹಾರಲಿ.

ಮತ್ತ, ನೀವು ಮಾಡಿಕೊಟ್ಟ ಹತ್ತೊಂಬತ್ತು ಗೂಡು ಅದಾವಲ್ಲ, ಮನಿಮನಿಗೆ ಹೋಗ್ರಿ. ಯಾರು ಕೆರೀತಾರ ಅಂತ ಕೇಳ್ರಿ.

ನನಗ ಹೇಳೂದಿದ್ರ ನನಗ ಬರೀರಿ. ಮಗಳ ಕಡಿಂದ ಹೇಳಿ ಕಳಸಬ್ಯಾಡ್ರಿ.

ನೀಲಗಂಗವ್ವ

*

ಹಾವೇರಿ
೨ ಸೆಪ್ಟೆಂಬರ್ ೨೦೨೪

ಅಪ್ಪಾ,

ಅವ್ವನ ಕಾಗದ ನನ್ನ ಮೇಜಿನ ಮೇಲೆ ಸಿಕ್ಕಿತು. ಆ ರಾತ್ರಿ ಊಟಕ್ಕೆ ಕೂತಾಗ "ಉಪ್ಪು ಕಡಿಮಿ ಐತಿ" ಎಂದಳು, ಸಾರಿಗೆ. ಅಷ್ಟೇ.

ಕೆರೀತೀನಿ ಎಂದು ನಾನು ಒಂದು ದಿನವೂ ಅನ್ನಲಿಲ್ಲ, ಖರೇ. ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಈಗ ಅದರ ಜೊತೆಗೆ ನನ್ನ ಮೇಲಿನದೂ ಸೇರಿಕೊಂಡಿದೆ.

ಅವಳಿಗೆ ಬರಿ. ನನಗಲ್ಲ.

ಸುಧಾರಾಣಿ

*

ರಾಣೆಬೆನ್ನೂರು
೨೪ ನವೆಂಬರ್ ೨೦೨೪

ನೀಲಗಂಗಾ,

ಮದುವೆಯಾಗಿ ಮೂವತ್ತಮೂರು ವರ್ಷಕ್ಕೆ ನಿನಗೆ ಕಾಗದ ಬರೆಯುತ್ತಿದ್ದೇನೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಮೂರು ಹಾಳೆ ಕೆಡಿಸಿದೆ. ನಿನ್ನ ಕಾಗದ ಬಂದ ದಿನ ಸಿಟ್ಟಿಗೆ ಅಂಗಡಿಯಲ್ಲಿ ಗ್ರೈಂಡರನ್ನು ನೆಲಕ್ಕೆ ಒಗೆದೆ. ಮೂರು ಸಲ ಹೇಳಿದ್ದೆ ಎಂದು ಬರೆದಿದ್ದೀ. ನನಗೆ ಒಂದೂ ನೆನಪಿಲ್ಲ. ಸುಳ್ಳು ಬರೆದಿದ್ದಾಳೆ ಎಂದುಕೊಂಡೆ. ಆಮೇಲೆ, ಬೆಕ್ಕಿನ ಮಾತು ನನ್ನದೇ ಅಲ್ಲವೇ ಅನ್ನಿಸಿತು. ಸುಧಾಳಿಗೆ ಬರೆದ ಕಾಗದದಲ್ಲೂ ಅದನ್ನೇ ಬರೆದಿದ್ದೆ.

ಮಹಡಿಯ ಗೂಡು ಬಿಚ್ಚಿದೆ. ಹೇಳಿದಂತೆ ನೀರು ಹೊಡೆದು ಕೆರೆದೆ. ಕುತುಬುದ್ದೀನ ಜಾಗ ಕೊಟ್ಟ, ಆದರೆ "ನನ್ನ ಕರೀಬ್ಯಾಡ, ಮೈಮುನಾಬಿಗೆ ಮಾತು ಕೊಟ್ಟೀನಿ" ಎಂದು ರಸ್ತೆಯ ಆಚೆ ನಿಂತೇ ಗೇಟಿನ ಕೀಲಿಕೈ ಎಸೆದ. ಅವಳಿಗೆ ಬೇಗ ಗೊತ್ತಾದದ್ದರಿಂದ ಬೇನೆ ಔಷಧಕ್ಕೆ ಬಗ್ಗಿದೆಯಂತೆ.

ಮನೆಮನೆಗೂ ಹೋದೆ. ಮೊದಲ ಮನೆ ಮೋಟೆಬೆನ್ನೂರಿನ ವೀರೇಂದ್ರನದು. "ಗೂಡು ಯಾರು ಕೆರೀತಾರ?" ಎಂದೆ. "ಯಾರರ ಕೆರೀತಾರ ಬಿಡ್ರಿ, ಚಹಾ ಕುಡೀರಿ" ಎಂದ. ಚಹಾ ತಂದವಳ ಕೈಯಲ್ಲಿ ಉಕ್ಕಿನ ಪಟ್ಟಿಯ ಗಾಯಗಳಿದ್ದವು. ಹತ್ತೊಂಬತ್ತರಲ್ಲಿ ಹದಿನಾರು ಮನೆಯಲ್ಲಿ ಹೆಂಗಸರೇ. ಒಂದರಲ್ಲಿ ಸೊಸೆ ಬಸುರಿ. ಯಾವ ಗಂಡಸಿಗೂ ಬಾಗಿಲು ಸಣ್ಣದೆಂದು ಗೊತ್ತಿರಲಿಲ್ಲ.

ಬ್ಯಾಡಗಿಯಲ್ಲಿ ಗದಿಗೆವ್ವ ಎಂಬ ಮುದುಕಿ ಕೆಮ್ಮುತ್ತಲೇ ಬಾಗಿಲು ತೆಗೆದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ, ಅದರ ಘಾಟಿಗೆ ದಮ್ಮು ಬಂದಿದೆ ಎಂದು ಮನೆಯವರೆಲ್ಲ ನಂಬಿದ್ದಾರೆ. ಮಗನ ಹಕ್ಕಿಗಳ ಗೂಡನ್ನು ಆರು ವರ್ಷದಿಂದ ಅವಳೇ ಕೆರೆಯುತ್ತಿದ್ದಾಳೆ. ಡಾಕ್ಟರ ಹತ್ತಿರ ಕರೆದೊಯ್ಯಿರಿ ಎಂದೆ. ಮಗ ನಕ್ಕ. "ಫಕ್ಕೀರಪ್ಪಣ್ಣ, ಗೂಡು ಮಾರಾಂವ ಡಾಕ್ಟರ್ ಯಾವಾಗ ಆದಿ?" ಎಂದ. ನನಗೆ ತಡೆಯಲಾಗಲಿಲ್ಲ. ಗಾಡಿಯಿಂದ ಕಟರ್ ತಂದು, ನಾನೇ ಕೂಡಿಸಿದ ಆ ಬಾಗಿಲನ್ನು ಚೌಕಟ್ಟು ಸಮೇತ ಕತ್ತರಿಸಿ ಅಂಗಳಕ್ಕೆ ಒಗೆದೆ. ಹಕ್ಕಿಗಳು ಎದ್ದವು. ಅವನು ನನ್ನ ಕೊರಳಪಟ್ಟಿ ಹಿಡಿದ. ಗದಿಗೆವ್ವ ನಡುವೆ ಬಂದು, "ಬಿಡೋ, ಅವ್ರಿಗೆ ಅವ್ರ ಮನೀದು ಏನೋ ಆಗೈತಿ" ಎಂದಳು. ಮರುವಾರ ಅವಳನ್ನೂ ಮಗನನ್ನೂ ನಾನೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ, ಅದೇ ಡಾಕ್ಟರ ಹತ್ತಿರ. ಅವರು ಹೇಳಿ ಮುಗಿಸುವವರೆಗೆ ಈ ಸಲ ಎದ್ದು ಹೋಗಲಿಲ್ಲ. ಅವಳ ಎದೆಯ ಫೋಟೋದಲ್ಲಿಯೂ ಕೆಳಗೆ ಕಲೆ.

ಹನ್ನೊಂದು ಬಾಗಿಲು ಬದಲಿಸಿದ್ದೇನೆ. ಮೂವರು ಗೂಡೇ ತೆಗೆದರು. ಉಳಿದವರು ನನ್ನನ್ನು ಒಳಗೆ ಬಿಡುತ್ತಿಲ್ಲ. ಮತ್ತೆ ಹೋಗುತ್ತೇನೆ.

ಹೊಸ ಗೂಡು ನಿನ್ನ ಅಳತೆಯಂತೆಯೇ ಆಗಿದೆ. ಹಳೆಯ ನಲವತ್ತೊಂಬತ್ತು ಹಕ್ಕಿ ಒಳಗಿವೆ. ಬೆಳಗಾದರೆ ಜಾಲರಿಗೆ ಎದೆ ಒತ್ತಿ ಊರ ಕಡೆಗೆ ಮುಖ ಮಾಡಿ ಕೂರುತ್ತವೆ. ನೋಡಲಾಗುವುದಿಲ್ಲ. ಆರು ಮರಿ ಹುಟ್ಟಿವೆ.

ಹೋದ ಭಾನುವಾರದ ಸುದ್ದಿ ನಿನಗೆ ಗೊತ್ತೇ ಇದೆ. ಆದರೂ ನನ್ನ ಕಡೆಯಿಂದ ಬರೆಯುತ್ತೇನೆ. ನಾನು ಒಳಗಿದ್ದೆ. ದೇವರಗುಡ್ಡದ ಬಸ್ಸು ನಿಂತದ್ದು ಕೇಳಿಸಿತು. ಜಾಲರಿಯಿಂದ ನೋಡಿದರೆ ರಸ್ತೆಯ ಆಚೆ, ಬೇವಿನ ಗಿಡದ ಕೆಳಗೆ, ಮೂಗುಬಾಯಿ ಕಟ್ಟಿಕೊಂಡು ನೀನು ನಿಂತಿದ್ದೆ. ಗಾಳಿ ನಿನ್ನ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು. ಅದನ್ನು ನೋಡಿಯೇ ಆ ಕಡೆ ನಿಂತಿದ್ದೀ ಎಂದು ಗೊತ್ತಾಯಿತು. ನೀನು ಗೂಡನ್ನು ಮೇಲಿಂದ ಕೆಳಗೆ ನೋಡಿದೆ. ಬಾಗಿಲು ನೋಡಿದೆ. ನಾನು ಮಾಸ್ಕು ಇಳಿಸಿ ಏನಾದರೂ ಅನ್ನುತ್ತೀಯೆಂದು ಕಾದೆ. ಮೂರು ತಿಂಗಳು ದುಡಿದಿದ್ದೆ. ಊರೆಲ್ಲ ಮಾತು ಕೇಳಿದ್ದೆ.

"ಎಡಕಿನ ಮೂಲಿ ಉಳದೈತಿ ನೋಡ್ರಿ" ಎಂದೆ ನೀನು. ಅಷ್ಟೇ. ತಿರುಗಿ ಬರುವ ಬಸ್ಸಿಗೆ ಕೈ ಮಾಡಿ ಹತ್ತಿ ಹೋದೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ಮಾಡಿದರೂ ಅದೊಂದೇ ಕಂಡಿತೇ ಎಂದು ಒಬ್ಬನೇ ಕೂಗಾಡಿದೆ. ಉಕ್ಕಿನ ಪಟ್ಟಿಯನ್ನು ಎತ್ತಿ ಒಗೆದೆ. ಬಸ್ಸು ತಿರುವು ದಾಟುವವರೆಗೆ ನಿಂತಿದ್ದೆ. ಆಮೇಲೆ ಹೊರಗಿಳಿದು ಬಗ್ಗಿ, ಜಾಲರಿಯ ಅಡಿಯಿಂದ ಆ ಮೂಲೆ ನೋಡಿದೆ.

ಹಿಕ್ಕೆ ಉಳಿದಿತ್ತು.

ಪಟ್ಟಿ ಹುಡುಕಿ ತಂದು ಕೆರೆದೆ.

ಫಕ್ಕೀರಪ್ಪ